ಕಾರಣ ಬರೆದು ಕೊಡಿ

ವಿರುಪಮ್ಮ ಇಂಜಿನಿಯರಿಂಗ್ ಕಾಲೇಜಿಗೆ ಅರ್ಜಿ ಹಾಕಿದ್ದಾಳೆಂಬ ಸುದ್ದಿ ಕಂಪ್ಲಿಯಲ್ಲಿ ಹಬ್ಬಿದ್ದು ಅಂಚೆಯವನಿಂದ. ಮದರಾಸಿನ ಆ ಕಾಲೇಜಿನಿಂದ ಬಂದ ಉದ್ದನೆಯ ಲಕೋಟೆಯನ್ನು ಅವನು ಅವಳ ಮನೆಯವರ ಅಕ್ಕಿ ಗಿರಣಿಗೆ ತಲುಪಿಸುವಷ್ಟರಲ್ಲಿ ದಾರಿಯ ನಾಲ್ಕು ಅಂಗಡಿಗಳವರು ಅದನ್ನು ತಿರುವಿ ಮುರುವಿ ನೋಡಿಯಾಗಿತ್ತು.

ಅದು ೧೯೪೬ರ ಏಪ್ರಿಲ್. ವಿರುಪಮ್ಮನಿಗೆ ಹದಿನೆಂಟು. ಅನಂತಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಇಂಟರ್ ಪರೀಕ್ಷೆ ಬರೆದು ಆಗಷ್ಟೇ ಊರಿಗೆ ಬಂದಿದ್ದಳು. ಅಪ್ಪ ಚನ್ನಯ್ಯ ತೀರಿಕೊಂಡು ಎರಡು ವರ್ಷವಾಗಿತ್ತು. ಗಿರಣಿಯನ್ನು ಈಗ ಅಪ್ಪನ ತಮ್ಮ, ಕಾಕ ಮರಿಸ್ವಾಮಿ ನೋಡಿಕೊಳ್ಳುತ್ತಿದ್ದ.

ಕಾಕ ಲಕೋಟೆಯನ್ನು ಅವಳ ಮುಂದೆ ಹಿಡಿದ. "ಹುಡುಗೀರು ಡಾಕ್ಟರ್ ಆಗೋದು ಕೇಳೀವಿ. ನೀ ಇಂಜಿನಿಯರ್ ಆಗಿ ಏನವ್ವಾ, ಸೇತುವಿ ಕಟ್ತೀಯೇನು?"

"ಹೊಸಪೇಟಿ ಹತ್ರ ಹೊಳಿಗೆ ಅಡ್ಡ ಡ್ಯಾಮ್ ಕಟ್ತಾರಂತ ನೀವ ಹೇಳ್ತಿದ್ರಿ ಕಾಕ. ಅದನ್ನ ಕಟ್ಟಾಕ ಮಂದಿ ಬೇಕಲ್ಲ?"

ಕಾಕ ನಕ್ಕುಬಿಟ್ಟ. ಬೈದಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಲಕೋಟೆಯಲ್ಲಿ ಪ್ರವೇಶ ಪರೀಕ್ಷೆಯ ವಿವರವಿತ್ತು. ಜೂನ್ ಎರಡನೇ ವಾರ, ಮದರಾಸಿನಲ್ಲಿ. ಗಣಿತ, ಭೌತಶಾಸ್ತ್ರ, ಯಂತ್ರಭಾಗಗಳ ನಕ್ಷೆ ಬಿಡಿಸುವುದು. ಮೊದಲ ಎರಡಕ್ಕೆ ಅವಳು ಹೆದರಲಿಲ್ಲ. ನಕ್ಷೆ ಮಾತ್ರ ಅವಳಿಗೆ ಯಾರೂ ಕಲಿಸಿರಲಿಲ್ಲ. ಅಂಚೆಯಲ್ಲಿ ಒಂದು ಪುಸ್ತಕ ತರಿಸಿದಳು. ನಕ್ಷೆಯ ಕಾಗದ ಹರವಲು ಬಡಗಿಯಿಂದ ತೇಗದ ಹಲಗೆ ಮಾಡಿಸಿಕೊಂಡಳು. ಹತ್ತು ದಿನ ಗುದ್ದಾಡಿದರೂ ಒಂದು ವಸ್ತುವನ್ನು ನಡುವೆ ಕೊಯ್ದರೆ ಒಳಗೆ ಹೇಗೆ ಕಾಣುತ್ತದೆಂಬುದು ಅವಳ ತಲೆಗೆ ಹತ್ತಲಿಲ್ಲ.

ಕೊನೆಗೆ ಪುಸ್ತಕ ಹಿಡಿದು ಗಿರಣಿಯ ಎಂಜಿನ್ ಮನೆಗೆ ಹೋದಳು. ಎಂಜಿನ್ ನಡೆಸುವ ಮೂಕಪ್ಪಜ್ಜ ಮೂವತ್ತು ವರ್ಷದಿಂದ ಅಲ್ಲೇ ಇದ್ದವನು. ಅಕ್ಷರ ಬಾರದು. ಪುಸ್ತಕದ ಚಿತ್ರವನ್ನು ಕಣ್ಣು ಕಿರಿದು ಮಾಡಿ ನೋಡಿ ಎದ್ದುಹೋದ. ಹಿತ್ತಲಿನಿಂದ ಒಂದು ಬಾಳೆದಿಂಡು ತಂದು, ಕುಡುಗೋಲಿನಿಂದ ಅಡ್ಡಕ್ಕೆ ಒಂದು ಏಟು, ಓರೆಯಾಗಿ ಒಂದು ಏಟು ಹಾಕಿದ.

"ನೋಡವ್ವಾ. ಅಡ್ಡ ಕೊಯ್ದ್ರ ದುಂಡಗ. ಓರೆ ಕೊಯ್ದ್ರ ತತ್ತಿ ಹಂಗ. ಅದ ದಿಂಡು, ಅದ ಕುಡುಗೋಲು. ಕುಡುಗೋಲು ಹೆಂಗ ಹೋತು ಅನ್ನೋದರ ಮ್ಯಾಲೆ ಐತಿ ಎಲ್ಲ."

ಅವಳು ಎರಡೂ ತುಂಡುಗಳನ್ನು ಪುಸ್ತಕದ ಚಿತ್ರದ ಪಕ್ಕ ಇಟ್ಟು ನೋಡಿದಳು. ಅಂದಿನಿಂದ ಬೆಳಿಗ್ಗೆ ಎರಡು ತಾಸು ಎಂಜಿನ್ ಮನೆಯೇ ಅವಳ ಶಾಲೆಯಾಯಿತು. ಅವಳು ಎಂಜಿನ್ನಿನ ಇಂಗ್ಲಿಷ್ ಕೈಪಿಡಿ ಓದಿ ಕನ್ನಡದಲ್ಲಿ ಹೇಳುವಳು. ಅವನು ಬಿಚ್ಚಿದ ಭಾಗಗಳನ್ನು ಅವಳ ಅಂಗೈಗೆ ಇಟ್ಟು, ಯಾವುದು ಯಾವುದರೊಳಗೆ ಕೂರುತ್ತದೆಂದು ತೋರಿಸುವನು. ಅಳೆದು, ಬರೆದು, ತಪ್ಪಿದರೆ ಅಳಿಸಿ, ಮೇ ಅರ್ಧವಾಗುವಷ್ಟರಲ್ಲಿ ಅವಳು ಇಡೀ ಎಂಜಿನ್ನನ್ನು ಕಾಗದದ ಮೇಲೆ ಸೀಳಿ ತೋರಿಸಬಲ್ಲವಳಾದಳು.

ಭತ್ತ ತಂದವರು ನೋಡಿದರು. ಆಡಿಕೊಂಡರು. ಒಂದು ದಿನ ಬಂದರೆ ಎಂಜಿನ್ ಮನೆಗೆ ಬೀಗ. ಮೂಕಪ್ಪ ಒಳಗಿದ್ದಾಗಲೂ ಬಾಗಿಲು ಮುಚ್ಚಿಯೇ ಇರಬೇಕು, ಅವಳನ್ನು ಒಳಗೆ ಬಿಡಬಾರದು ಎಂದು ಕಾಕನ ಅಪ್ಪಣೆಯಾಗಿತ್ತು.

ವಿರುಪಮ್ಮ ಮನೆಗೆ ಹಿಂತಿರುಗಲಿಲ್ಲ. ಗಿರಣಿಯ ಅಂಗಳದ ನಟ್ಟನಡುವೆ, ಗಾಡಿಗಳು ನಿಲ್ಲುವಲ್ಲಿ, ಭತ್ತದ ಚೀಲದ ಮೇಲೆ ಹಲಗೆ ಇಟ್ಟು ಕೂತಳು. ಎತ್ತು ಬಿಡಿಸುವವರು ಸುತ್ತ ನಿಂತರು.

"ಎದ್ದೇಳು. ಮಂದಿ ನೋಡಾಕತ್ಯಾರ," ಎಂದ ಕಾಕ.

"ನೋಡ್ಲಿ. ಬಾಗ್ಲಾ ಮುಚ್ಚಿದ ಮ್ಯಾಲೆ ಅಂಗಳದಾಗ ಕುಂತೀನಿ. ಇಲ್ಲೂ ಬ್ಯಾಡಂದ್ರ ಬಜಾರದಾಗ ಕುಂದ್ರತೀನಿ."

ಮೂರು ದಿನ ಹಾಗೇ ನಡೆಯಿತು. ಮೇ ತಿಂಗಳ ಬಿಸಿಲಿಗೆ ಹಲಗೆ ಸುಡುತ್ತಿತ್ತು, ಬೆವರು ಬಿದ್ದು ಗೆರೆಗಳು ಕದಡುತ್ತಿದ್ದವು. ನಾಲ್ಕನೆಯ ದಿನ, ಗಂಡ ಸತ್ತ ಮೇಲೆ ಗಿರಣಿಯ ಹೊಸ್ತಿಲು ತುಳಿಯದಿದ್ದ ಅವಳ ಅವ್ವ ಸಂಗಮ್ಮ ಬಂದಳು. ತಲೆಯ ಸೆರಗು ಸರಿಮಾಡಿಕೊಂಡು ಮೈದುನನ ಮುಂದೆ ಕೈ ಚಾಚಿದಳು.

"ಬೀಗದಕೈ ಕೊಡು ಮರಿಸ್ವಾಮಿ. ಗಿರಣ್ಯಾಗ ಅರ್ಧ ನಂದೂ ಐತಿ. ಎಂಜಿನ್ ಇರೋದು ನನ್ನ ಅರ್ಧದಾಗ ಅಂತ ತಿಳ್ಕೊ."

ಕಾಕ ಅತ್ತಿಗೆಯ ಮುಖ ನೋಡಿದ. ಕೊಟ್ಟ. ಆದರೆ ಅಂದಿನಿಂದ ಇಬ್ಬರ ಜೊತೆಯೂ ಮಾತು ಬಿಟ್ಟ.

ಜೂನಿನಲ್ಲಿ ತಾಯಿ ಮಗಳು ಗುಂತಕಲ್ಲಿನಲ್ಲಿ ರೈಲು ಬದಲಿಸಿ ಮದರಾಸಿಗೆ ಹೋದರು. ಪರೀಕ್ಷೆಯ ಹಾಲಿನಲ್ಲಿ ಮುನ್ನೂರಕ್ಕೂ ಹೆಚ್ಚು ಗಂಡುಹುಡುಗರು, ಇವಳೊಬ್ಬಳೇ ಹುಡುಗಿ. ಯಾರೋ ಹಿಂದಿನಿಂದ ಸಿಳ್ಳೆ ಹಾಕಿದರು. ಅವಳು ತಿರುಗದೆ ಪೆನ್ಸಿಲ್ ಚೂಪು ಮಾಡಿಕೊಂಡಳು.

ಮೂರನೆಯ ದಿನ ಫಲಕದಲ್ಲಿ ಅವಳ ಹೆಸರು ಇಪ್ಪತ್ತಮೂರನೆಯದಾಗಿತ್ತು. ಸೀಟುಗಳು ಅರವತ್ತು. ಮರುದಿನ ಸಂದರ್ಶನ.

ಮೂವರು ಕೂತಿದ್ದರು. ನಡುವಿನವರು ಅವಳ ನಕ್ಷೆಯ ಹಾಳೆಯನ್ನು ಪಕ್ಕಕ್ಕೆ ಸರಿಸಿ ಮೃದುವಾಗಿ ಇಂಗ್ಲಿಷಿನಲ್ಲಿ ಹೇಳಿದರು: "ಅಂಕಗಳು ಚೆನ್ನಾಗಿವೆ. ಆದರೆ ನಮ್ಮಲ್ಲಿ ಹುಡುಗಿಯರಿಗೆ ಹಾಸ್ಟೆಲ್ ಇಲ್ಲ. ಕಮ್ಮಾರಶಾಲೆಯಲ್ಲಿ ಸುತ್ತಿಗೆ ಹಿಡಿಯಬೇಕಾಗುತ್ತದೆ. ನಾಳೆ ನಿಮಗೆ ಮದುವೆಯಾದರೆ ಒಬ್ಬ ಹುಡುಗನ ಸೀಟು ವ್ಯರ್ಥ. ನೀವೇ ಅರ್ಜಿ ಹಿಂತೆಗೆದುಕೊಂಡರೆ ಎಲ್ಲರಿಗೂ ಒಳ್ಳೆಯದು."

ಒಂದು ಖಾಲಿ ಹಾಳೆಯನ್ನು ಅವಳ ಮುಂದೆ ಇಟ್ಟರು. ಅವಳು ಅದನ್ನು ಅವರ ಕಡೆಗೇ ಸರಿಸಿದಳು.

"ಹಿಂತೆಗೆದುಕೊಳ್ಳುವುದಿಲ್ಲ ಸರ್," ಎಂದಳು, ಇಂಗ್ಲಿಷಿನಲ್ಲೇ. "ನೀವು ನಿರಾಕರಿಸಬಹುದು. ಕಾರಣ ಬರೆದು ಕೊಡಿ. ಈಕೆ ಇಪ್ಪತ್ತಮೂರನೆಯವಳು, ಸೀಟು ಅರವತ್ತು, ಹುಡುಗಿಯಾದ್ದರಿಂದ ಕೊಡಲಿಲ್ಲ ಎಂದು. ಕೆಳಗೆ ಸಹಿ ಇರಲಿ. ಊರಿಗೆ ಹೋದಾಗ ಕೇಳಿದವರಿಗೆ ತೋರಿಸಬೇಕು."

ಬಲಬದಿಯಲ್ಲಿದ್ದ ವಯಸ್ಸಾದವರು ಸರಿಸಿಟ್ಟಿದ್ದ ನಕ್ಷೆಯನ್ನು ಎಳೆದುಕೊಂಡು ಬಹಳ ಹೊತ್ತು ನೋಡಿದರು. "ಯಾರು ಕಲಿಸಿದ್ದು?"

"ನಮ್ಮ ಗಿರಣಿಯ ಮೂಕಪ್ಪಜ್ಜ."

"ಯಾವ ಕಾಲೇಜಿನವರು?"

"ಕಾಲೇಜಿಲ್ಲ ಸರ್. ಎಂಜಿನ್ ನಡೆಸುತ್ತಾರೆ."

ಅವರು ನಡುವಿನವರ ಕಡೆ ತಿರುಗಿ, "ಬರೆದು ಕೊಡುವುದಾದರೆ ನನ್ನ ಸಹಿ ಅದರಲ್ಲಿರುವುದಿಲ್ಲ," ಎಂದಷ್ಟೇ ಹೇಳಿದರು.

ಖಾಲಿ ಹಾಳೆ ಖಾಲಿಯಾಗಿಯೇ ಉಳಿಯಿತು. ಹನ್ನೆರಡು ದಿನಗಳ ನಂತರ ಕಂಪ್ಲಿಗೆ ಪತ್ರ ಬಂತು: ವಸತಿಯನ್ನು ತಾವೇ ನೋಡಿಕೊಳ್ಳುವುದಾದರೆ ಸೀಟು ಉಂಟು. ಸಂಗಮ್ಮ ಅದನ್ನು ಮಗಳಿಂದ ಎರಡು ಸಲ ಓದಿಸಿಕೊಂಡು, "ಬಾಡಿಗಿ ಖೋಲಿ ಹಿಡಿಯೂಣು. ನಾನೂ ಬರ್ತೀನಿ," ಎಂದಳು.

ಹೊರಟ ದಿನ ಹೊಸಪೇಟೆ ನಿಲ್ದಾಣಕ್ಕೆ ಕಾಕ ಬರಲಿಲ್ಲ. ರೈಲಿನಲ್ಲಿ ಎದುರಿಗೆ ಕೂತಿದ್ದ ಸಂಡೂರಿನ ಹೆಂಗಸೊಬ್ಬಳು ಇವರ ಗಂಟುಮೂಟೆಗಳನ್ನು ನೋಡಿ ಸಂಗಮ್ಮನನ್ನು ಕೇಳಿದಳು: "ಮಗಳನ್ನ ಗಂಡನ ಮನಿಗೆ ಬಿಡಾಕ ಹೊಂಟೀರೇನ್ರಿ?"

ಅವ್ವ ಬಾಯಿ ತೆರೆಯುವ ಮೊದಲೇ ವಿರುಪಮ್ಮ ಹೇಳಿದಳು, ಬೋಗಿಯ ಆ ಕೊನೆಗೂ ಕೇಳಿಸುವಷ್ಟು ಗಟ್ಟಿಯಾಗಿ: "ಅಲ್ರಿ. ನಾ ಇಂಜಿನಿಯರಿಂಗ್ ಓದಾಕ ಹೊಂಟೀನಿ."