ತೊಳೆಯದೆ ಉಳಿಸಿದ ಕೋಟು

ಸಿಗರೇಟು ನಿಷೇಧಿಸಿದ ಮೇಲೆ ಸರ್ಕಾರಕ್ಕೆ ಇನ್ನೊಂದು ಹುಚ್ಚು ಹಿಡಿಯಿತು. ಹೊಗೆ ಹೋದರೆ ಸಾಲದು, ವಾಸನೆಯೂ ಹೋಗಬೇಕಂತೆ. ಸೇದುತ್ತಿದ್ದವರ ಬಟ್ಟೆಯೆಲ್ಲ ಆರೋಗ್ಯ ಇಲಾಖೆಯ ಲಾಂಡ್ರಿಗೆ ಬರಬೇಕು, ಸತ್ತವರದ್ದೂ ಸೇರಿ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋರನ್ನು ಕಂಡಿದ್ದೇವೆ, ಮನುಷ್ಯ ಹೋದಮೇಲೆ ಔಷಧಿ ಕೊಡೋರು ಇವರೇ ಮೊದಲು.

ಆ ಲಾಂಡ್ರಿಯಲ್ಲೇ ಇಸ್ತ್ರಿ ಅಕ್ಕನಿಗೆ ಕೆಲಸ. ಊರವರ ಗಂಡಂದಿರ ವಾಸನೆಯನ್ನೆಲ್ಲ ಆವಿಯಲ್ಲಿ ಹಾರಿಸುತ್ತಿದ್ದವಳು ತೀರಿಕೊಂಡ ತನ್ನ ಗಂಡನ ಕೋಟನ್ನು ಮಾತ್ರ ಬೀರುವಿನಲ್ಲಿ ಪ್ಲಾಸ್ಟಿಕ್ ಸುತ್ತಿ ಬಚ್ಚಿಟ್ಟಿದ್ದಳು. ಅವನಿದ್ದಾಗ ಸೇದಬೇಡ ಸೇದಬೇಡ ಅಂತ ಬೈದೂ ಬೈದೂ ಗಂಟಲು ಒಣಗಿಸಿಕೊಂಡವಳೂ ಇವಳೇ. ಈಗ ಆಗೊಮ್ಮೆ ಈಗೊಮ್ಮೆ ಪ್ಲಾಸ್ಟಿಕ್ ಬಿಚ್ಚಿ, ಕಾಲರಿನಲ್ಲಿ ಮುಖ ಹುದುಗಿಸಿ ಉಸಿರೆಳೆದು, ವಾಸನೆ ಎಲ್ಲಿ ಖರ್ಚಾಗಿಬಿಡುತ್ತೋ ಅಂತ ಬೇಗ ಮುಚ್ಚಿಡುತ್ತಿದ್ದಳು. ಅವನು ಬೇಕು ಅನ್ನಿಸಿದಾಗ ಅವಳಿಗೆ ಉಳಿದಿದ್ದು ಅದೊಂದೇ.

ಅಷ್ಟರಲ್ಲಿ ಮನೆಮನೆ ತಪಾಸಣೆ ಅಂತ ಸುದ್ದಿ ಬಂತು. ಬೀರು ತೆಗೆಸಿ ಮೂಸುತ್ತಾರಂತೆ. ಇಸ್ತ್ರಿ ಅಕ್ಕ ತಲೆ ಓಡಿಸಿದಳು. ಲಾಂಡ್ರಿಯಲ್ಲಿ ತೊಳೆದು ಪಾಸಾದ ಬಟ್ಟೆಗೆ ಹಸಿರು ಚೀಟಿ ಸಿಕ್ಕಿಸುತ್ತಾರೆ, ಅದನ್ನು ಯಾವ ಅಧಿಕಾರಿಯೂ ಮುಟ್ಟಲ್ಲ. ವಾಸನೆ ಹೋಯಿತೋ ಇಲ್ಲವೋ ಅಂತ ಮೂಸಿ ನೋಡುವ ಮೂಗಿನಮ್ಮನಿಗೋ ನೆಗಡಿ, ರಜೆ ಹಾಕಿದ್ದಳು. ದೀಪದ ಬುಡದಲ್ಲಿ ಕತ್ತಲು, ಯಾರು ನೋಡ್ತಾರೆ ಅಂದುಕೊಂಡು ಕೋಟನ್ನು ಲಾಂಡ್ರಿಗೆ ಒಯ್ದು, ತೊಳೆಯದೆಯೇ ಹಸಿರು ಚೀಟಿ ಸಿಕ್ಕಿಸಿ, ಪಾಸಾದ ಸಾಲಿನ ಕೊನೆಯಲ್ಲಿ ನೇತುಹಾಕಿ ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ತಪಾಸಣೆಯವರು ಬೀರು ಮೂಸಿ, ಏನೂ ಸಿಗದೆ ಹೋದರು. ಅವಳು ಹಗುರಾಗಿ ಕೆಲಸಕ್ಕೆ ಬಂದರೆ ಬಾಗಿಲಲ್ಲೇ ಮೂಗಿನಮ್ಮ. ನೆಗಡಿ ಬಿಟ್ಟಿತ್ತು, ನಸುಕಿಗೇ ಬಂದುಬಿಟ್ಟಿದ್ದಳು.

"ಹಸಿರು ಚೀಟಿ ಹಾಕಿರೋ ಒಂದು ಕೋಟು ಗಬ್ಬು ನಾರ್ತಿತ್ತು ಕಣೇ. ಚೀಟಿ ಮೇಲೆ ನಿನ್ನ ಗುರುತು. ಸಾಹೇಬರ ಕಣ್ಣಿಗೆ ಬಿದ್ದಿದ್ರೆ ನಿನ್ನ ಕೆಲಸಕ್ಕೇ ಸಂಚಕಾರ. ನಾನೇ ಮತ್ತೆ ತೊಳೆಸಿಬಿಟ್ಟೆ. ಯಾರ ಹತ್ರಾನೂ ಬಾಯಿ ಬಿಡಬೇಡ."

ಮಾಡಿದ್ದು ಉಪಕಾರ, ಬೈಯೋದಾದರೂ ಯಾರನ್ನು? ಇಸ್ತ್ರಿ ಅಕ್ಕ ಕೋಟು ಇಳಿಸಿ ಕಾಲರಿಗೆ ಮುಖ ಒತ್ತಿದಳು. ಸೋಪು. ಜೇಬು, ತೋಳು, ಕಂಕುಳು, ಎಲ್ಲಾ ಕಡೆ ಬರೀ ಸೋಪು. ಅವಳ ಗಂಡ ಎರಡನೇ ಸಲ ಸತ್ತಿದ್ದ.

"ನಮ್ಮೆಜಮಾನರದ್ದು," ಅಂದಳು.

ಮೂಗಿನಮ್ಮನ ಮುಖ ಕಪ್ಪಿಟ್ಟಿತು. ಪಕ್ಕದ ಬಟ್ಟೆ ಮೂಟೆಯ ಮೇಲೆ ಕುಸಿದಳು. ಇಸ್ತ್ರಿ ಅಕ್ಕ ಅವಳ ಪಕ್ಕದಲ್ಲೇ ಕೂತಳು.

"ನಿನ್ನ ಮೂಗು ಏನನ್ನೂ ಮರೆಯಲ್ವಲ್ಲ. ಹೆಂಗಿತ್ತು ಹೇಳು."

"ಹೊಗೆ ಜಾಸ್ತಿ," ಅಂದಳು ಮೂಗಿನಮ್ಮ ಕಣ್ಣು ಮುಚ್ಚಿ. "ತಲೆಗೆ ಹಚ್ಚೋ ಎಣ್ಣೆ. ಒಂಚೂರು ಬೆವರು."

"ಇನ್ನೊಂದ್ಸಲ ಹೇಳು."

ಆಕೆ ಇನ್ನೊಂದು ಸಲ ಹೇಳಿದಳು. ಇಸ್ತ್ರಿ ಅಕ್ಕ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡಳು.

"ಈಗ ಬಂದ್ರೆ ಒಂದು ಮಾತೂ ಬೈಯಲ್ಲ ಕಣೇ," ಅಂದಳು. "ಮಂಚದ ಮೇಲೇ ಕೂತು ಸೇದಲಿ. ಕಡ್ಡಿ ನಾನೇ ಗೀರ್ತೀನಿ."