ಗಂಟೆ ಬಿಟ್ಟು ಓಡಿದ ಅಪ್ಪ

ಚಳಿ ಹಿಂದೆ ಸರಿದು ಬಿಸಿಲು ಬಲಿಯುತ್ತಿದ್ದ ಕಾಲ. ಕಾಲೇಜಿನ ಸುತ್ತಲಿನ ಹುಲ್ಲು ಒಣಗಿ ನಿಂತಿತ್ತು. ಮಾಲಿಗಳು ಗೋಡೆಗೆ ತಾಗಿದ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು, ತಳ್ಳುಗಾಡಿಗೆ ತುಂಬಿ ದೂರ ಸಾಗಿಸುತ್ತಿದ್ದರು. ಹಿಂದಿನ ವಾರ ಯಾರೋ ಎಸೆದ ಸಿಗರೇಟಿನ ತುಂಡಿನಿಂದ ಹಿತ್ತಲಿನ ಹುಲ್ಲು ಹೊತ್ತಿಕೊಂಡು, ಹೊಗೆ ತರಗತಿಗಳೊಳಕ್ಕೆ ನುಗ್ಗಿತ್ತು. ಬೆಂಕಿಯೇನೋ ಬೇಗ ಆರಿತು. ಆದರೆ ಆ ಗಡಿಬಿಡಿಯಲ್ಲಿ ಯಾರು ಹೊರಗೆ ಬಂದರು, ಯಾರು ಒಳಗೇ ಉಳಿದರು ಎಂಬುದು ಯಾರಿಗೂ ತಿಳಿಯಲಿಲ್ಲ.

ಕಾಲೇಜಿನ ಗಂಟೆ ಹೊಡೆಯುವ ಜವಾನನನ್ನು ಎಲ್ಲರೂ ಗಂಟೆಯಣ್ಣ ಎಂದೇ ಕರೆಯುತ್ತಿದ್ದರು. ಅವನ ಒಬ್ಬಳೇ ಮಗಳು ಅಲ್ಲೇ ಓದುತ್ತಿದ್ದಳು. ಚಿಕ್ಕಂದಿನಿಂದ ಅವಳ ಒಂದು ಕಾಲಿಗೆ ಬಲವಿಲ್ಲ. ಊರುಗೋಲು ಹಿಡಿದೇ ನಡೆಯುವವಳು. ಅವಳ ಪ್ರಯೋಗಾಲಯ ಇದ್ದದ್ದು ಎರಡನೆಯ ಮಹಡಿಯಲ್ಲಿ. ಹೊಗೆ ಎದ್ದ ದಿನ ಅವಳು ಕಾಲೇಜಿಗೆ ಬಂದಿರಲಿಲ್ಲ. ಬಂದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಗಂಟೆಯಣ್ಣನನ್ನು ಬಿಟ್ಟಿರಲಿಲ್ಲ.

ಅವನು ಗಂಟೆಯ ಹಗ್ಗ ಬಿಗಿ ಮಾಡುತ್ತಿದ್ದಾಗ ಲೈಬ್ರರಿ ಮೇಡಂ ಬಂದರು. ಕಾಲೇಜಿನ ಸುರಕ್ಷಾ ಸಮಿತಿಯ ಕೆಲಸ ಈಗ ಅವರ ಹೆಗಲಿಗೆ ಬಿದ್ದಿತ್ತು.

"ಗಂಟೆಯಣ್ಣ, ನಾಡಿದ್ದು ಡ್ರಿಲ್ ಇದೆ. ಬೆಂಕಿ ಬಿದ್ದಿದೆ ಅಂದ್ಕೊಂಡು ಎಲ್ರೂ ಹೊರಗೆ ಬರೋ ಅಭ್ಯಾಸ."

"ಅದನ್ನೂ ಕಲಿಸ್ಬೇಕಾ ಮೇಡಂ? ಬೆಂಕಿ ಕಂಡ್ರೆ ಕಾಲು ತಾನಾಗೇ ಓಡುತ್ತೆ."

"ಓಡುತ್ತೆ. ಎಲ್ಲಿಗೆ ಅನ್ನೋದೇ ತೊಂದರೆ. ಹೋದ ವಾರ ಅರ್ಧ ಜನ ಗೇಟ್ ಹತ್ರ ಗುಂಪು ಕಟ್ಕೊಂಡು ನಿಂತ್ರು. ಅಗ್ನಿಶಾಮಕದ ಗಾಡಿ ಬಂದಿದ್ರೆ ಅವರ ತಲೆ ಮೇಲೆ ಹಾರಿ ಬರ್ಬೇಕಿತ್ತು."

ಅವನು ನಕ್ಕ. ಮೇಡಂ ದನಿ ತಗ್ಗಿಸಿದರು. "ನಿಮ್ಮ ಮಗಳಿಗೆ ಇಬ್ರು ಗೆಳತಿಯರನ್ನ ಜೊತೆ ಮಾಡೋಣ ಅಂತಿದೀನಿ. ಮೆಟ್ಟಿಲು ಇಳಿಯುವಾಗ ಜೊತೆಗಿರ್ತಾರೆ."

ಅವನ ಮುಖದ ನಗು ಮಾಯವಾಯಿತು. "ಬೇಡ ಮೇಡಂ. ಅವಳೇನು ಮೂಟೆನಾ, ಹೊತ್ಕೊಂಡು ಬರೋಕೆ? ನಾನಿಲ್ವಾ? ನಾನೇ ಮೇಲೆ ಹೋಗಿ ಕರ್ಕೊಂಡು ಬರ್ತೀನಿ."

"ಆಗ ಗಂಟೆ ಯಾರು ಹೊಡೀತಾರೆ?"

"ಹೊಡೆದೇ ಹೋಗ್ತೀನಿ."

ಮನೆಯಲ್ಲಿ ಈ ಮಾತು ಬಂದಾಗ ಹೆಂಡತಿ, ಹೊಲಿಯುತ್ತಿದ್ದ ದಿಂಬಿನ ಚೀಲದಿಂದ ಕಣ್ಣೆತ್ತದೆ ಹೇಳಿದಳು: "ನೀವು ಹತ್ತೋದನ್ನ ನಾನು ಕಂಡಿಲ್ವಾ? ಅಟ್ಟದ ಪೆಟ್ಟಿಗೆ ತೆಗೆಯೋಕೆ ಹತ್ತಿದ್ರೆ, ಇಳಿಯೋಕೆ ನನ್ನ ಭುಜ ಬೇಕು ನಿಮಗೆ."

"ನೀನು ಸುಮ್ನಿರೇ," ಎಂದು ಅವನು ಮಗಳ ಕಡೆ ತಿರುಗಿದ. "ನಾನು ಬರೋ ತನಕ ಅಲ್ಲಿಂದ ಕದಲ್ಬೇಡ ಕಣಮ್ಮ."

"ಅಪ್ಪಾ, ಅದು ಹಂಗಲ್ಲ..."

"ಮಾತು ಕೊಡು ಅಂದ್ರೆ ಕೊಡು."

ಅವಳು ಕೊಟ್ಟಳು.

ಅಣಕು ಕವಾಯತಿನ ದಿನ ಬಂತು. ಸಮಿತಿಯವರು ಹೇಳಿದಂತೆಯೇ ಗಂಟೆಯಣ್ಣ ಬಿಡದೆ ಉದ್ದಕ್ಕೆ ಗಂಟೆ ಬಾರಿಸಿದ. ಆದರೆ ಆ ಕಾಲೇಜಿನಲ್ಲಿ ಉದ್ದನೆಯ ಗಂಟೆಗೆ ಮೊದಲಿನಿಂದಲೂ ಇದ್ದದ್ದು ಒಂದೇ ಅರ್ಥ: ಬಿಡುವು ಮುಗಿಯಿತು, ಒಳಗೆ ನಡೆಯಿರಿ. ಇದು ಸಮಿತಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮೇಲಿನ ಮಹಡಿಗಳಲ್ಲಿದ್ದವರು ಕಲಿಸಿದಂತೆ ಇಳಿಯತೊಡಗಿದರೆ, ಮರದ ನೆರಳಲ್ಲಿ ಹರಟುತ್ತಿದ್ದವರು ಚಹಾದ ಲೋಟ ಎಸೆದು ಒಳಕ್ಕೆ ಓಡಿದರು. ಎರಡು ಗುಂಪುಗಳೂ ಮೆಟ್ಟಿಲ ಮೇಲೆ ಮುಖಾಮುಖಿಯಾದವು.

ಅದೇ ಹೊತ್ತಿಗೆ ಗಂಟೆಯಣ್ಣ ಗಂಟೆ ಬಿಟ್ಟು ಓಡಿ ಬಂದು ಆ ನೂಕುನುಗ್ಗಲಿಗೆ ತಲೆ ಕೊಟ್ಟ. "ದಾರಿ ಬಿಡ್ರಪ್ಪಾ!" ಎಂದು ಕೂಗಿದ. ಬಿಡಲು ದಾರಿಯೇ ಇರಲಿಲ್ಲ. ಇತ್ತ ಗಂಟೆ ನಿಂತಿದ್ದರಿಂದ, ದೂರದ ಕೊಠಡಿಗಳಲ್ಲಿ ಎದ್ದು ನಿಂತಿದ್ದವರು ಎಲ್ಲ ಮುಗಿಯಿತೆಂದುಕೊಂಡು ಮತ್ತೆ ಕೂತರು.

ಕೊನೆಗೂ ಅವನು ಮೇಲೆ ತಲುಪಿದಾಗ ಮಗಳೊಬ್ಬಳೇ ಬೆಂಚಿನ ಮೇಲೆ ಕೂತಿದ್ದಳು. ಜೊತೆಗೆ ನಿಲ್ಲಲು ಬಂದ ಗೆಳತಿಯರನ್ನು, "ಅಪ್ಪ ಬರ್ತಾರೆ, ನೀವು ಹೋಗಿ" ಎಂದು ಅವಳೇ ಕಳಿಸಿಬಿಟ್ಟಿದ್ದಳು.

"ಬಂದೆ ಕಣಮ್ಮ," ಎಂದ, ಏದುಸಿರು ಬಿಡುತ್ತ.

"ನೀನೇನೋ ಬಂದೆ. ಈಗ ನಿನ್ನನ್ನ ಯಾರಪ್ಪ ಇಳಿಸ್ತಾರೆ?"

ಇಬ್ಬರಿಗೂ ನಗು ಬಂತು. ನಗು ಇಳಿದ ಮೇಲೆ ಅವಳು ಮೆಲ್ಲಗೆ ಹೇಳಿದಳು: "ನಿಜವಾಗಿ ಬೆಂಕಿ ಬಿದ್ದಿದ್ರೆ ನೀನು ಮೆಟ್ಟಿಲಲ್ಲಿ ಸಿಕ್ಕಿಕೊಂಡಿರ್ತಿದ್ದೆ. ನಾನು ಕೊಟ್ಟ ಮಾತಿಗೆ ಇಲ್ಲೇ ಕೂತಿರ್ತಿದ್ದೆ. ಹೊರೋದು ಬೇಡ ಅಂತ ನೀನಂದೆ, ಜೊತೆ ಬೇಕು ಅಂತ ಮೇಡಂ ಅಂದ್ರು. ನಿನಗೆ ಹೇಗೆ ಬೇಕು ಅಂತ ನನ್ನನ್ನ ಯಾರಾದ್ರೂ ಕೇಳಿದ್ರಾ?"

ಅವನು ಮಗಳ ಮುಖವನ್ನೇ ನೋಡಿದ. "ಹೇಳು."

"ಕಂಬಿ ಹಿಡಿದು ನಾನೇ ಇಳೀತೀನಿ. ಒಬ್ರು ನನ್ನ ಊರುಗೋಲು ಹಿಡ್ಕೊಂಡು ಮುಂದೆ ಇಳೀಬೇಕು. ಇನ್ನೊಬ್ರು ಹಿಂದಿನವರು ನೂಕದ ಹಾಗೆ ತಡೀಬೇಕು. ಅಷ್ಟೇ ಸಾಕು. ಆದ್ರೆ ಆ ಹೊತ್ತಿಗೆ ಕಲಿಯೋಕೆ ಆಗಲ್ಲಪ್ಪ. ಮೊದಲೇ ಅವರ ಜೊತೆ ಇಳಿದು ನೋಡ್ಬೇಕು."

ಅಂದು ಸಂಜೆ ಸಮಿತಿ ಸೇರಿತು. "ಗಂಟೆ ವಿಷಯ ನಮಗೂ ತೋಚಲಿಲ್ಲ," ಎಂದು ಮೇಡಂ ಒಪ್ಪಿಕೊಂಡರು. "ಡ್ರಿಲ್‌ನಲ್ಲೇ ಎಡವಿದ್ದು ಒಳ್ಳೇದಾಯ್ತು." ಅಪಾಯಕ್ಕೆ ಬೇರೆಯೇ ಗಂಟೆ ಎಂದಾಯಿತು: ಮೂರು ಪೆಟ್ಟು, ಸ್ವಲ್ಪ ಬಿಡುವು, ಮತ್ತೆ ಮೂರು ಪೆಟ್ಟು. ಕೇಳಿದವರು ಎಲ್ಲೇ ಇದ್ದರೂ ಮೈದಾನಕ್ಕೆ ಬರಬೇಕು. ಎಲ್ಲರೂ ಬಂದರೆಂದು ಖಚಿತವಾಗುವ ತನಕ ಗಂಟೆ ನಿಲ್ಲಬಾರದು. ಹಳೆಯ ಮೇಜುಗಳನ್ನು ಪೇರಿಸಿ ಮುಚ್ಚಿದ್ದ ಹಿಂದಿನ ಮೆಟ್ಟಿಲನ್ನು ಮರುದಿನವೇ ತೆರವು ಮಾಡಿ, ಬಾಗಿಲಿನ ಬೀಗ ತೆಗೆದರು. ಗಂಟೆಯಣ್ಣ ತಾನೇ ಹೋಗಿ ಆ ಇಬ್ಬರು ಗೆಳತಿಯರನ್ನು ಕರೆತಂದ. ಮೂವರೂ ಆ ಮೆಟ್ಟಿಲನ್ನು ಮತ್ತೆ ಮತ್ತೆ ಇಳಿದು ಕಲಿತರು.

ಎರಡನೆಯ ಕವಾಯತಿನಲ್ಲಿ ಅವನು ಗಂಟೆಯ ಬಳಿಯೇ ನಿಂತ. ಕಾಲು ಮೆಟ್ಟಿಲ ಕಡೆ ಎಳೆಯುತ್ತಿತ್ತು, ಆದರೆ ಕೈ ಹಗ್ಗ ಬಿಡಲಿಲ್ಲ. ಹುಡುಗರು ಚೀಲಗಳನ್ನು ಒಳಗೇ ಬಿಟ್ಟು, ಓಡದೆ ಸಾಲಾಗಿ ಹೊರಬಂದರು. ಹಿಂದಿನ ಬಾಗಿಲಿನಲ್ಲಿ ಮೊದಲು ಊರುಗೋಲು ಹಿಡಿದ ಕನ್ನಡಕದ ಹುಡುಗಿ ಕಂಡಳು. ಅವಳ ಹಿಂದೆ ಮಗಳು. ಮಗಳ ಹಿಂದೆ, ಎರಡೂ ಕೈ ಅಗಲಿಸಿ ದಾರಿ ಕಾಯುತ್ತ ಇನ್ನೊಬ್ಬಳು. ಅವನ ಕಣ್ಣು ಮಂಜಾಯಿತು. ಆದರೂ ಬಾರಿಸುತ್ತಲೇ ಇದ್ದ. ಮೈದಾನದಲ್ಲಿ ಹಾಜರಿ ಕೂಗಿ ಮುಗಿದು, ಮೇಡಂ ಕೈ ಎತ್ತಿದ ಮೇಲೆಯೇ ಹಗ್ಗ ಬಿಟ್ಟ.

"ನಿಮ್ಮ ಋಣ ಹೇಗಮ್ಮ ತೀರಿಸಲಿ?" ಎಂದ, ಆ ಹುಡುಗಿಯರ ಬಳಿ ಹೋಗಿ.

"ಬೆಳಗಿನ ಗಂಟೆ ಒಂಚೂರು ತಡವಾಗಿ ಹೊಡೀರಿ ಗಂಟೆಯಣ್ಣ," ಎಂದಳು ಕನ್ನಡಕದವಳು. "ನಮಗೆ ದಿನಾ ಲೇಟು."

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಮ್ಮ."

ಹೀಗಾಗಿ ಆ ಋಣ ಇನ್ನೂ ತೀರಿಲ್ಲ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳೇ, ಹೆತ್ತವರೇ, ಮೇಷ್ಟ್ರುಗಳೇ, ನಿಮ್ಮ ಕಾಲೇಜಿನಲ್ಲಿ ಅಪಾಯದ ಸೂಚನೆ ಯಾವುದು? ಎರಡನೆಯ ದಾರಿಯ ಬಾಗಿಲು ಇವತ್ತು ತೆರೆಯುತ್ತದೆಯೇ? ಹೊರಬಂದವರು ಎಲ್ಲಿ ಸೇರಬೇಕು, ಬಾರದವರನ್ನು ಗುರುತಿಸುವವರು ಯಾರು? ಗೊತ್ತಿಲ್ಲದಿದ್ದರೆ ನಾಳೆಯೇ ಕೇಳಿ. ಬೇಗ ನಡೆಯಲಾಗದವರು, ಕಣ್ಣು ಕಾಣದವರು, ಗಂಟೆ ಕೇಳಿಸದವರು ನಿಮ್ಮ ನಡುವೆ ಇದ್ದರೆ, ಅವರಿಗೇನು ಬೇಕೆಂದು ನೀವೇ ತೀರ್ಮಾನಿಸಬೇಡಿ. ಅವರ ಪಕ್ಕ ಕೂತು ಅವರನ್ನೇ ಕೇಳಿ. ಅಭ್ಯಾಸದ ದಿನ ತಪ್ಪಿದರೆ ನಕ್ಕು ತಿದ್ದಿಕೊಳ್ಳಬಹುದು. ಆ ಅಭ್ಯಾಸದ ದಿನವನ್ನು ನಿಮ್ಮ ಕಾಲೇಜಿನಲ್ಲೂ ಗೊತ್ತು ಮಾಡಿ.