ಕಡಜ ಕಚ್ಚಿದ ಹಣ್ಣು

ಶುಚಿ ಅಂದರೆ ಅಕ್ಕನಿಗೆ ಪ್ರಾಣ. ತೊಳೆದಿಟ್ಟ ಲೋಟವನ್ನೇ ಇನ್ನೊಮ್ಮೆ ತೊಳೆದು ನೀರು ಕುಡಿಯುವ ಪೈಕಿ. ದ್ರಾಕ್ಷಿ ಕೊಯ್ಯಲು ಬರುವ ಹೆಂಗಸರು ಅವಳಿಗೆ ಸೋಪಕ್ಕ ಎಂದು ಹೆಸರಿಟ್ಟದ್ದು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಆಗಿತ್ತು. ಅಮ್ಮ ತೀರಿಕೊಂಡ ಮೇಲೆ ವೈನ್ ಮಾಡುವ ಕೆಲಸ ಇಂಥವಳ ಕೈಗೆ ಬಂತು. ಅಮ್ಮನ ಕಾಲದಲ್ಲಿ ಆ ನೆಲಮಾಳಿಗೆಯಲ್ಲಿ ಜೇಡರ ಬಲೆ ಪರದೆಯ ಹಾಗೆ ಇಳಿಬಿದ್ದಿರುತ್ತಿತ್ತು. ಅಕ್ಕ ಮೊದಲು ಮಾಡಿದ್ದೇ ಅದನ್ನೆಲ್ಲ ಗುಡಿಸಿ, ಪೀಪಾಯಿಗಳಿಗೆ ಕುದಿಯುವ ನೀರು ಸುರಿದು, ಮೂಲೆಮೂಲೆಗೂ ಗಂಧಕದ ಹೊಗೆ ಹಾಕುವುದು.

ನೆಲಮಾಳಿಗೆ ಅಕ್ಕನದು, ತೋಟ ತಮ್ಮನದು. ಹಾಗೆಂದು ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸುತ್ತಿರಲಿಲ್ಲ ಎಂದುಕೊಂಡರೆ ನೀವು ಅಕ್ಕತಮ್ಮಂದಿರನ್ನು ನೋಡಿಲ್ಲ. ಕೆಲವು ವರ್ಷಗಳ ಹಿಂದೆ ಮೇಲಿನ ತೋಟಕ್ಕೆ ಇನ್ನು ಔಷಧಿ ಹೊಡೆಯುವುದು ಬೇಡ ಎಂದು ಅಕ್ಕ ಪಟ್ಟು ಹಿಡಿದಳು. ಅಮ್ಮನ ನಂತರ ತಮ್ಮ ಔಷಧಿ ಶುರು ಮಾಡಿದಂದಿನಿಂದ ಅಲ್ಲಿನ ಮಣ್ಣು ಇಟ್ಟಿಗೆಯಾಗಿತ್ತು, ಅಗೆದರೆ ಒಂದು ಎರೆಹುಳುವೂ ಸಿಗುತ್ತಿರಲಿಲ್ಲ. ತಮ್ಮ ಮುಖ ಗಂಟು ಹಾಕಿಕೊಂಡೇ ಒಪ್ಪಿದ. ಬಳ್ಳಿಸಾಲುಗಳ ನಡುವೆ ಹುಲ್ಲು, ಬಟಾಣಿ ಬೆಳೆಸಿದರು. ಎಲೆ ಉದುರಿದ ಮೇಲೆ ಕುರಿ ಮೇಯಲು ಬಿಟ್ಟರು. ಮಣ್ಣು ಮೆತ್ತಗಾಯಿತು, ಹಕ್ಕಿಗಳು ಬಂದವು, ಯಾರೂ ಕರೆಯದೆ ಕಡಜಗಳೂ ಬಂದವು. ಇಳುವರಿ ಮಾತ್ರ ಇಳಿಯಿತು. ತಮ್ಮ ತನ್ನ ಔಷಧಿ ಪಂಪನ್ನು ಕೊಟ್ಟಿಗೆಯ ಗೋಡೆಗೆ ನೇತುಹಾಕಿದ್ದ, ಆದರೆ ಎಸೆದಿರಲಿಲ್ಲ. ಆಗಾಗ ಹೋಗಿ ಅದನ್ನು ಒರೆಸಿ ಎಣ್ಣೆ ಬಿಟ್ಟು ಬರುತ್ತಿದ್ದ.

ಈ ವರ್ಷದ ಕೊಯ್ಲು ಶುರುವಾಗುವ ಮುನ್ನ ಒಂದು ಕಡಜ ಅವನ ಮೇಲ್ದುಟಿಗೇ ಕಚ್ಚಿತು. ತುಟಿ ಬದನೆಕಾಯಿಯ ಹಾಗೆ ಊದಿಕೊಂಡಿತು. ಆವತ್ತು ಇಬ್ಬರಿಗೂ ಜೋರು ಜಗಳವಾಯಿತು. ಔಷಧಿ ಬಿಟ್ಟು ಏನು ಬಂತು, ಹುಳ ಬಂತು ಎಂದು ಅವನು. ತೋಟಕ್ಕೆ ಜೀವ ಬಂತು ಎಂದು ಅವಳು. ಎಲ್ಲಿದೆ ಜೀವ ತೋರಿಸು ಎಂದು ಅವನು.

ಹಣ್ಣಿನ ರಸ ಸುಮ್ಮನೆ ವೈನ್ ಆಗುವುದಿಲ್ಲ. ಕಣ್ಣಿಗೆ ಕಾಣದ ಯೀಸ್ಟ್ ಅದರ ಸಿಹಿಯನ್ನು ತಿಂದು ನೊರೆ ಎಬ್ಬಿಸಬೇಕು. ಅಮ್ಮ ಎಂದೂ ಯೀಸ್ಟ್ ಕೊಂಡವಳಲ್ಲ, ಆದರೂ ಅವಳ ಪೀಪಾಯಿ ವರ್ಷವೂ ತಾನಾಗಿ ಉಕ್ಕುತ್ತಿತ್ತು. ಅಕ್ಕ ಮಾತ್ರ ಅಂಗಡಿಯ ಪೊಟ್ಟಣ ಒಡೆದು ಸುರಿಯುತ್ತಿದ್ದಳು. ಜಗಳದ ಬಿಸಿಯಲ್ಲಿ ಅವಳು ಒಂದು ಮಾತು ಕೊಟ್ಟುಬಿಟ್ಟಳು.

“ಈ ಸಲ ಪೊಟ್ಟಣ ಹಾಕಲ್ಲ. ತೋಟಕ್ಕೆ ಜೀವ ಬಂದಿದ್ರೆ ರಸ ತಾನಾಗೇ ಏಳತ್ತೆ. ಏಳಲಿಲ್ವಾ, ನಿನ್ನ ಪಂಪು ಇಳಿಸ್ಕೋ. ನಾನು ತುಟಿ ಪಿಟಕ್ ಅನ್ನಲ್ಲ.”

“ತುಟಿ ವಿಷಯ ಮಾತ್ರ ಎತ್ಬೇಡ,” ಎಂದ ತಮ್ಮ.

ಮಾತು ಕೊಟ್ಟ ಮೇಲೆ ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಪೀಪಾಯಿಯನ್ನು ಎಂದಿಗಿಂತ ಹೆಚ್ಚು ಉಜ್ಜಿದಳು. ಮೇಲಿನ ತೋಟದ ಒಂದೊಂದು ಗೊಂಚಲನ್ನೂ ಮೇಜಿನ ಮೇಲೆ ಹರಡಿ, ಕಡಜ ಕಚ್ಚಿ ತೂತು ಮಾಡಿದ ಹಣ್ಣುಗಳನ್ನೆಲ್ಲ ಬಿಡಿಸಿ ಬಿಡಿಸಿ ಒಂದು ಪ್ಲಾಸ್ಟಿಕ್ ಟಬ್ಬಿಗೆ ಹಾಕಿಸಿದಳು. ಹುಳದ ಎಂಜಲು ಕುರಿಗಾಯಿತು ಎಂದು ಅದನ್ನು ಕೊಟ್ಟಿಗೆಯ ಹಿಂದೆ ಇಡಿಸಿದಳು. ತನ್ನ ಗೆಲುವನ್ನು ತಾನೇ ಆರಿಸಿ ಆರಿಸಿ ಹೊರಗೆಸೆಯುತ್ತಿದ್ದೇನೆ ಎಂದು ಆಗ ಅವಳಿಗೆ ಯಾರು ಹೇಳಬೇಕು?

ಪೀಪಾಯಿಯಲ್ಲಿ ರಸ ಮಲಗಿತು. ಮಲಗಿದ್ದು ಏಳಲೇ ಇಲ್ಲ. ಅಕ್ಕ ಬೆಳಿಗ್ಗೆ ಹೋಗಿ ಮರಕ್ಕೆ ಕಿವಿ ಹಚ್ಚುವಳು, ಸಂಜೆ ಹೋಗಿ ಹಚ್ಚುವಳು. ಒಂದು ಗುಳ್ಳೆಯ ಸದ್ದೂ ಇಲ್ಲ. ಹೀಗೇ ಬಿಟ್ಟರೆ ಬೂಷ್ಟು ಹಿಡಿದು ಇಡೀ ತೋಟದ ರಸ ಚರಂಡಿ ಪಾಲು. ಕಪಾಟಿನಲ್ಲಿ ಹಳೆಯ ಪೊಟ್ಟಣಗಳಿದ್ದವು. ಕದ್ದು ಒಂದು ಚಿಟಿಕೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಕೈ ಅತ್ತ ಹೋಯಿತು. ತನಗೆ ಗೊತ್ತಾಗುತ್ತದಲ್ಲ ಎಂದು ಹಿಂದೆ ಬಂತು. ತಮ್ಮ ಅಣಕಿಸಿದ್ದರೂ ತಡೆದುಕೊಳ್ಳುತ್ತಿದ್ದಳು. ಅವನು ಮೆಟ್ಟಿಲ ಮೇಲೆ ನಿಂತು, ಏನೂ ಅನ್ನದೆ, ಅವಳ ಮುಖ ನೋಡಿ ಹೊರಟುಹೋದ. ಅವಳಿಗೆ ಅಳುವೇ ಬಂತು.

ಅಳುವುದಕ್ಕಾದರೂ ಒಂದು ಜಾಗ ಬೇಕಲ್ಲ ಎಂದು ಕೊಟ್ಟಿಗೆಯ ಹಿಂದಕ್ಕೆ ಹೋದಳು. ಟಬ್ಬು ಹಾಗೇ ಇತ್ತು, ಕುರಿಗೆ ಹಾಕಲು ಎಲ್ಲರೂ ಮರೆತಿದ್ದರು. ಅದರ ಮೇಲೆ ಕಡಜಗಳು ಸುತ್ತುತ್ತಿದ್ದವು. ಒಳಗಿನಿಂದ ಸಣ್ಣ ಸದ್ದೊಂದು ಬರುತ್ತಿತ್ತು, ಯಾರೋ ಮೆಲ್ಲಗೆ ಉಸಿರು ಬಿಡುತ್ತಿರುವ ಹಾಗೆ. ಬಗ್ಗಿ ನೋಡಿದಳು. ಎಂಜಲು ಹಣ್ಣೆಲ್ಲ ಅಂಚಿನವರೆಗೆ ಉಬ್ಬಿ ಬಂದಿತ್ತು, ನಸುಗೆಂಪು ನೊರೆ ಒಡೆಯುತ್ತಿತ್ತು, ಮತ್ತೆ ಏಳುತ್ತಿತ್ತು. ಹುಳಿ ವಾಸನೆಯಿಲ್ಲ, ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡಿನ ವಾಸನೆ. ಅಮ್ಮನ ಸೆರಗಿಗೆ ಕೊಯ್ಲಿನ ದಿನಗಳಲ್ಲಿ ಅಂಟಿರುತ್ತಿದ್ದ ವಾಸನೆ.

ಸೋಪಕ್ಕ ತೋಳೇರಿಸಿದಳು. ಕೈ ತೊಳೆಯದೆ, ಮೊಣಕೈವರೆಗೂ ಟಬ್ಬಿಗೆ ಇಳಿಸಿದಳು. ಬೆಚ್ಚಗಿತ್ತು. ಹಿಡಿದರೆ ಹಸುಗೂಸಿನ ಮೈ ಇರುತ್ತದಲ್ಲ, ಅಷ್ಟು ಬೆಚ್ಚಗೆ. ಒಲೆಯಿಲ್ಲ, ಬಿಸಿಲಿಲ್ಲ, ಯಾರೂ ಏನೂ ಮಾಡಿಲ್ಲ. ಅವಳು ಅಲ್ಲೇ ಮೊಣಕಾಲೂರಿ ಕೂತಳು. ಕಡಜವೊಂದು ಅವಳ ಕೈಮೇಲೆ ಇಳಿದು ನೊರೆ ನೆಕ್ಕಿ ಹಾರಿಹೋಯಿತು, ಕಚ್ಚಲಿಲ್ಲ.

ಆ ನೊರೆಯಲ್ಲಿ ಒಂದು ಬಾಟಲಿ ತುಂಬಿಕೊಂಡು ಅವಳು ಕಾಲೇಜಿನ ಪ್ರಯೋಗಾಲಯದಲ್ಲಿದ್ದ ಗೆಳತಿಯ ಬಳಿ ಓಡಿದಳು. ಗೆಳತಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಒಳ್ಳೆಯ ಯೀಸ್ಟ್ ಕಿಕ್ಕಿರಿದು ತುಂಬಿದೆ ಎಂದಳು. ಎಲ್ಲಿಂದ ಬಂತು ಎಂದು ಅಕ್ಕ ಕೇಳಿದಳು. ಕಡಜ ಹಾರುತ್ತಿದ್ದವಾ ಎಂದು ಗೆಳತಿ ತಿರುಗಿ ಕೇಳಿದಳು.

“ಚಳಿ ಬಂತು ಅಂದ್ರೆ ಗೂಡಲ್ಲಿರೋವೆಲ್ಲ ಸಾಯ್ತಾವೆ ಕಣೇ. ಹೊಸ ರಾಣಿಗಳು ಮಾತ್ರ ಉಳಿಯೋದು. ಎಲ್ಲಾದ್ರೂ ಸಂದೀಲಿ ಮುದುರ್ಕೊಂಡು ಮಲಗ್ತಾವೆ. ಈ ಯೀಸ್ಟು ಅದರ ಹೊಟ್ಟೇಲೇ ಚಳಿಗಾಲ ಕಳೆಯತ್ತೆ. ಬೇಸಿಗೆ ಬಂದ್ಮೇಲೆ ರಾಣಿ ಮರಿಗಳಿಗೆ ತುತ್ತು ಕೊಡ್ತಾಳಲ್ಲ, ಅದರ ಜೊತೆ ಇದನ್ನೂ ಕೊಡ್ತಾಳೆ. ಆ ಮರಿ ದೊಡ್ಡದಾಗಿ ಬಂದು ನಿನ್ನ ಹಣ್ಣು ಕಚ್ಚತ್ತೆ.”

ಅಕ್ಕ ತಾನೂ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. ಅಮ್ಮನ ವೈನು, ಅಜ್ಜಿಯ ವೈನು, ಅವರಿಗೂ ಹಿಂದಿನವರ ವೈನು, ಎಲ್ಲವೂ ಪ್ರತಿ ಚಳಿಗಾಲ ಒಂದು ಹುಳದ ಹೊಟ್ಟೆಯಲ್ಲಿ ಮಲಗಿ ಎದ್ದು ಬಂದದ್ದು. ಔಷಧಿ ಹೊಡೆದ ವರ್ಷಗಳಲ್ಲಿ ಆ ದಾರಿ ಕಡಿದುಹೋಗಿತ್ತು. ಯಾರೂ ಕರೆಯದೆ ಅವು ತಿರುಗಿ ಬಂದಿದ್ದವು, ಬರುವಾಗ ಅದನ್ನು ಹೊತ್ತುಕೊಂಡೇ ಬಂದಿದ್ದವು. ಅಕ್ಕನೋ ಅವು ಮುಟ್ಟಿದ್ದನ್ನೆಲ್ಲ ಆರಿಸಿ ಕುರಿಗೆ ಇಟ್ಟಿದ್ದಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಳ್ಳುತ್ತ, ನಗುತ್ತ ಮನೆಗೆ ಬಂದಳು.

ತಮ್ಮನನ್ನು ಕರೆದು ವಿಷಯವನ್ನೆಲ್ಲ ಹೇಳಿ, ಅವನೆದುರಿಗೇ ಟಬ್ಬನ್ನು ಪೀಪಾಯಿಗೆ ಸುರಿದಳು. ಇದೂ ತೋಟದ್ದೇ, ಪೊಟ್ಟಣದ್ದಲ್ಲ, ಸರಿತಾನೇ ಎಂದು ಕೇಳಿದಳು. ಅವನು ತುಟಿ ಸವರಿಕೊಂಡು ತಲೆಯಾಡಿಸಿದ. ಮರುದಿನ ಏನೂ ಇಲ್ಲ. ಅದರ ಮರುದಿನ ಇಬ್ಬರೂ ಪೀಪಾಯಿಯ ಆಚೆಗೊಬ್ಬರು ಈಚೆಗೊಬ್ಬರು ಕಿವಿ ಹಚ್ಚಿದ್ದಾಗ, ತಳದಲ್ಲೆಲ್ಲೋ ಒಂದು ಗುಳ್ಳೆ ಬಿಟ್ಟುಕೊಂಡಿತು. ಆಮೇಲೆ ಇನ್ನೊಂದು. ಸಂಜೆಯೊಳಗೆ ಮರದ ಹಲಗೆಯೇ ಗುಂಯ್‌ಗುಡುತ್ತಿತ್ತು. ಅಷ್ಟು ದೊಡ್ಡ ತಮ್ಮ ಬಾಯಿಬಿಟ್ಟುಕೊಂಡು ನಿಂತಿದ್ದ.

ವೈನ್ ತಿಳಿಯಾದ ಮೇಲೆ ರುಚಿ ನೋಡಿ ಅವನು ಪರವಾಗಿಲ್ಲ ಎಂದ. ಅವನ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ. ಆದರೆ ಪಂಪಿನ ಮಾತು ಎತ್ತಲಿಲ್ಲ. ಪಂಪು ಗೋಡೆಯಲ್ಲೇ ನೇತಾಡುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಅಕ್ಕನಿಗೆ ಒಂದೇ ಯೋಚನೆ. ಇಳುವರಿ ಇನ್ನೊಂದು ವರ್ಷ ಕೈಕೊಟ್ಟರೆ ಅವನು ಪಂಪು ಇಳಿಸದೆ ಇರುತ್ತಾನೆಯೇ?

ಕೊರೆಯುವ ಚಳಿಯ ಒಂದು ಬೆಳಿಗ್ಗೆ ಅಕ್ಕ ಪೊರಕೆ ಹಿಡಿದು ಕೊಟ್ಟಿಗೆ ಗುಡಿಸಲು ಹೋದಳು. ತಮ್ಮ ಆಗಲೇ ಅಲ್ಲಿದ್ದ. ಪಂಪನ್ನು ಕೆಳಗಿಳಿಸಿ, ಮುಚ್ಚಳ ತೆಗೆದು, ಒಳಗೇ ನೋಡುತ್ತ ಕೂತಿದ್ದ. ಅವಳು ಬಾಗಿಲಲ್ಲೇ ನಿಂತಳು.

ಅವನು ತಿರುಗಿ ನೋಡಿ, ಸದ್ದು ಮಾಡಬೇಡ ಎಂದು ಕೈಸನ್ನೆ ಮಾಡಿದ. ಮುಚ್ಚಳವನ್ನು ಮೆಲ್ಲಗೆ ಮೊದಲಿದ್ದಂತೆಯೇ ಸಡಿಲವಾಗಿ ಇಟ್ಟ. ಪಂಪನ್ನು ಎರಡೂ ಕೈಯಲ್ಲಿ ಎತ್ತಿ, ಅಲುಗಾಡದ ಹಾಗೆ ಗೋಡೆಗೆ ಮತ್ತೆ ನೇತುಹಾಕಿದ.

“ಗುಜರಿಯವನಿಗೆ ಕೊಟ್ಬಿಡೋಣ ಅಂತ ಇಳಿಸ್ದೆ ಅಕ್ಕಾ,” ಎಂದ ಪಿಸುಮಾತಿನಲ್ಲಿ. “ಈಗ ಕೊಡೋಕಾಗಲ್ಲ. ಒಳಗೆ ರಾಣಿ ಮಲಗಿದ್ದಾಳೆ.”

ಅಕ್ಕ ಆ ಪಂಪನ್ನೇ ನೋಡಿದಳು. ಮುಂದಿನ ವರ್ಷದ ಪೀಪಾಯಿ ಇಡೀ ಅದರೊಳಗೆ ಮುದುಡಿಕೊಂಡಿತ್ತು. ಆಮೇಲೆ ಪೊರಕೆಯನ್ನು ಹೊರಗಿಟ್ಟು, ಹುಟ್ಟಿದಾರಭ್ಯ ಮೊದಲ ಸಲ ಗುಡಿಸದೆಯೇ ಕೊಟ್ಟಿಗೆಯ ಬಾಗಿಲು ಮುಂದೆ ಮಾಡಿದಳು.